ಗದ್ದೆಯ ನಡುವೆ ಸಿಕ್ಕಿಬಿದ್ದ ಆಟಗಾರ್ತಿ

ನಮ್ಮ ಮನೆಯ ಟಿವಿ ಪಕ್ಕದಲ್ಲಿ ಒಂದು ಕಪ್ ಇದೆ. ನಾನು ಡಿಗ್ರಿಯಲ್ಲಿದ್ದಾಗ ಲಿಂಗಸುಗೂರಿನಲ್ಲಿ ಖೋಖೋ ಆಡಿ ಗೆದ್ದು ತಂದದ್ದು. ಅವ್ವ ವಾರಕ್ಕೊಮ್ಮೆ ಸೆರಗಿನಿಂದ ಅದರ ಧೂಳು ಒರೆಸುತ್ತಾಳೆ. ಸಿಂಧನೂರಿನಲ್ಲಿ ಎಂ.ಎ. ಓದುವಾಗ ಕಿರುಪ್ರಬಂಧಕ್ಕೆ ವಿಷಯ ಕೇಳಿದರು. ಹೆಚ್ಚು ಯೋಚಿಸದೆ ಮೂರು ತಲೆಮಾರಿನ ಹೆಣ್ಣುಮಕ್ಕಳು ಮತ್ತು ಆಟ ಎಂದು ಬರೆದುಕೊಟ್ಟೆ. ಮೊದಲ ಸಾಲೂ ಆಗಲೇ ಸಿದ್ಧವಿತ್ತು: 'ನಮ್ಮ ಮನೆಯಲ್ಲಿ ಆಟಕ್ಕೆ ಇಳಿದ ಮೊದಲ ಹೆಣ್ಣುಮಗಳು ನಾನು.' ಅದನ್ನು ನಾನೇ ನಾಲ್ಕು ಸಲ ಓದಿಕೊಂಡು ಖುಷಿಪಟ್ಟೆ. ಜಂಬಕ್ಕೇನೂ ಬರ ಇರಲಿಲ್ಲ.

ನಮ್ಮೂರು ಜವಳಗೇರಾ. ಅವ್ವ ಭತ್ತದ ನಾಟಿ ಮಾಡುವ ಹೆಂಗಸರ ಗುಂಪಿಗೆ ಮೇಸ್ತ್ರಿ. ಯಾವ ಗದ್ದೆಗೆ ಯಾವತ್ತು ಹೋಗಬೇಕು, ಯಾರು ಯಾರ ಪಕ್ಕ ನಿಲ್ಲಬೇಕು, ಎಲ್ಲ ಅವಳೇ ಹೇಳುವುದು. ಆ ಗುಂಪಿನವರನ್ನು ನಮ್ಮ ಅಂಗಳದಲ್ಲಿ ಕೂರಿಸಿಕೊಂಡು ಪ್ರಶ್ನಾವಳಿ ತುಂಬಿಸಿದೆ. ನೀವು ಯಾವ ಕ್ರೀಡೆ ಆಡಿದ್ದೀರಿ? ಕೆಳಗೆ ಕಬಡ್ಡಿ, ಖೋಖೋ, ಓಟ ಎಂದು ಪಟ್ಟಿ. ಒಬ್ಬೊಬ್ಬರೂ ನಕ್ಕು, ನಮಗೆಲ್ಲಿ ಆಟ, ಕೆಲಸವೇ ಸಾಕಾಗಿತ್ತು ಅಂದರು. ಎಲ್ಲರ ಹೆಸರಿನ ಮುಂದೆಯೂ 'ಇಲ್ಲ' ಎಂದು ಬರೆದೆ. ಅವ್ವನ ಹೆಸರಿನ ಮುಂದೆ ಅವಳನ್ನು ಕೇಳದೆಯೇ ಬರೆದೆ. ಆಮೇಲೆ ಎಲ್ಲರೂ ಕೇಳುವ ಹಾಗೆ ನನ್ನ ಮೊದಲ ಸಾಲನ್ನು ಓದಿದೆ. ಅವ್ವ ಎದ್ದು ಒಳಗೆ ಹೋದಳು. ರೊಟ್ಟಿ ಮಾಡಲು ಹೋಗಿರಬೇಕು ಅಂದುಕೊಂಡೆ.

ವಾರದೊಳಗೆ ಮಾರ್ಗದರ್ಶಕ ಮೇಡಂ ನಾನು ಬರೆದುಕೊಟ್ಟ ಅಧ್ಯಾಯವನ್ನು ಹಿಂದಕ್ಕೆ ಕೊಟ್ಟರು. ಎಲ್ಲರದೂ ಒಂದೇ ಉತ್ತರ ಅಂದರೆ ತಪ್ಪು ಉತ್ತರದಲ್ಲಿಲ್ಲ, ಪ್ರಶ್ನೆಯಲ್ಲಿದೆ, ಮತ್ತೆ ಹೋಗಿ ಕೇಳು ಅಂದರು. ಹತ್ತು ದಿನದಲ್ಲಿ ಸರಿಯಾಗಿ ಬರೆದು ತರದಿದ್ದರೆ ಸಹಿ ಇಲ್ಲ. ಸಹಿ ಇಲ್ಲವೆಂದರೆ ಪದವಿಯೂ ಇಲ್ಲ.

ಊರಿಗೆ ಬಂದು ಮತ್ತೆ ಹಾಳೆ ಹಿಡಿದೆ. ಹೆಂಗಸರು ಯಾರೂ ಬಾಯಿ ಬಿಡಲಿಲ್ಲ. ಮೇಸ್ತ್ರಿಯನ್ನು ಕೇಳು ಅಂದರು. ಮೇಸ್ತ್ರಿ ಒಲೆಯ ಮುಂದೆ ಕೂತಿದ್ದಳು. ತಿರುಗಿ ನೋಡದೆ ಅಂದಳು:

"ನಾವು ಏನೂ ಆಡಿಲ್ಲಂತ ನೀನ ಬರದೀಯಲ್ಲ. ಮತ್ತ ನಮ್ಮನ್ಯಾಕ ಕೇಳಾಕತ್ತಿ?"

ಆಗ ಗೊತ್ತಾಯಿತು, ಅವಳಿಗೆ ನೋವಾಗಿತ್ತು. ನನ್ನ ಕಪ್ಪಿನ ಧೂಳು ಒರೆಸುವವಳನ್ನು ಊರವರ ಮುಂದೆ ಏನೂ ಇಲ್ಲದವಳನ್ನಾಗಿ ಮಾಡಿದ್ದೆ. ನಾಚಿಕೆಯಾಯಿತು. ತಪ್ಪಾಯಿತು ಅಂದೆ. ಅವಳು ರೊಟ್ಟಿ ತಿರುವಿಹಾಕಿದಳು.

"ನಾಳೆ ನನ್ನ ಬಾಜೂಕ ನಿಂತು ಸಸಿ ಹಚ್ಚು. ಆಮ್ಯಾಲ ಕೇಳು."

ಇಷ್ಟೇನಾ ಅನ್ನಿಸಿತು. ಚಿಕ್ಕವಳಿದ್ದಾಗ ಒಂದೆರಡು ದಿನ ಗದ್ದೆಗೆ ಇಳಿದವಳು ನಾನು, ಓದಿಗೆ ಅಡ್ಡಿಯಾಗುತ್ತದೆಂದು ಅವಳೇ ಬಿಡಿಸಿದ್ದಳು. ಆದರೂ ಖೋಖೋ ಆಡಿದ ಕಾಲು, ಕೂತು ಎದ್ದು ಓಡಿದ ಸೊಂಟ. ಸೀರೆಯ ಮೇಲೆ ಗಂಡಸರ ಫುಲ್ ಶರ್ಟು ತೊಟ್ಟ ಆ ಹೆಂಗಸರ ಸಾಲಿನಲ್ಲಿ ನನ್ನ ಟ್ರ್ಯಾಕ್ ಪ್ಯಾಂಟ್ ಮಡಚಿಕೊಂಡು ನಿಂತೆ. ಒಬ್ಬೊಬ್ಬರಿಗೆ ಒಂದೊಂದು ಪಟ್ಟಿ ನೆಲ. ಬಗ್ಗಿ ಸಸಿ ನೆಡುತ್ತ ಹಿಂದೆ ಹಿಂದೆ ಹೋಗಬೇಕು. ಎಡಕ್ಕೆ ಅವ್ವ, ಬಲಕ್ಕೆ ಅವಳ ಗೆಳತಿ. ಮೊದಲ ಅರ್ಧ ಗಂಟೆ ಅವರ ಸಮಕ್ಕೇ ಇದ್ದೆ. ಅವ್ವ ನನ್ನನ್ನು ನೋಡಲೂ ಇಲ್ಲ. ಅವಳ ಕೈ ಮಾತ್ರ ಕೆಸರಿಗೆ ಹೋಗುತ್ತಿತ್ತು, ಬರುತ್ತಿತ್ತು.

ಆಮೇಲೆ ಸೊಂಟ ಹಿಡಿಯಿತು. ಎದ್ದು ನಿಂತು ಮೈ ಮುರಿದು ಮತ್ತೆ ಬಗ್ಗುವಷ್ಟರಲ್ಲಿ ಇಬ್ಬರೂ ನನ್ನನ್ನು ದಾಟಿ ಹೋಗಿದ್ದರು. ಹೋದವರು ಸುಮ್ಮನೆ ಹೋಗಲಿಲ್ಲ. ಇಬ್ಬರೂ ಒಳಕ್ಕೆ ಸರಿದು ನನ್ನ ಬೆನ್ನ ಹಿಂದಿನ ನೆಲಕ್ಕೂ ಸಸಿ ನೆಟ್ಟುಬಿಟ್ಟರು. ತಿರುಗಿ ನೋಡಿದರೆ ನಾಲ್ಕೂ ಕಡೆ ಹಸಿರು, ನಡುವೆ ಮಂಚದಷ್ಟು ಕೆಸರು ನೀರು, ಅದರಲ್ಲಿ ನಾನು. ಕಾಲಿಡಲು ಜಾಗವಿಲ್ಲ. ತುಳಿದ ಸಸಿಯನ್ನು ತುಳಿದವರೇ ಮತ್ತೆ ನೆಡಬೇಕು. ಮೇಸ್ತ್ರಿ ಮಗಳು ಬಾವಿಗೆ ಬಿದ್ದಳು ಎಂದು ಸಾಲಿಗೆ ಸಾಲೇ ನಕ್ಕಿತು. ಹಿಂದೆ ಬಿದ್ದವಳನ್ನು ಹೀಗೆ ಸಸಿಯಿಂದ ಸುತ್ತುಗಟ್ಟುವುದಕ್ಕೆ ಬಾವಿಗೆ ಹಾಕುವುದು ಅನ್ನುತ್ತಾರಂತೆ. ಬಿದ್ದವಳು ಊಟದ ಹೊತ್ತಿಗೆ ಎಲ್ಲರಿಗೂ ನೀರು ಕೊಡಬೇಕು. ಅವ್ವ ಎಷ್ಟು ನಕ್ಕಳೆಂದರೆ ಅವಳ ಕೈಯ ಸಸಿ ಜಾರಿತು. ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲೇ ಇಲ್ಲ.

ಬದುವಿನ ಮೇಲೆ ಎಲ್ಲರಿಗೂ ನೀರು ಕೊಡುತ್ತ ಕೇಳಿದೆ, ಇದು ಆಟ ಅಲ್ಲವೇ ಎಂದು. ಇದೆಂಥ ಆಟ, ಕೆಲಸದ ನಡುವೆ ನಗಲಿಕ್ಕೆ ಒಂದಿಷ್ಟು ಚಾಷ್ಟಿ ಅಂದರು. ಆದರೆ ಯಾರು ಯಾರನ್ನು ಯಾವ ವರ್ಷ ಯಾವ ಗದ್ದೆಯಲ್ಲಿ ಬಾವಿಗೆ ಹಾಕಿದರು ಅನ್ನುವುದು ಒಬ್ಬೊಬ್ಬರಿಗೂ ಬಾಯಿಪಾಠ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು. ಓದು ನನಗೆ ಪ್ರಶ್ನಾವಳಿ ಕೊಟ್ಟಿತ್ತು. ಅದರಲ್ಲಿ ಶಾಲೆ ಕಲಿಸಿದ ಆಟಗಳಿಗಷ್ಟೇ ಜಾಗ ಇತ್ತು.

ಅವ್ವ ಲೋಟ ಹಿಂದಕ್ಕೆ ಕೊಟ್ಟು, ಗುಂಪಿಗೆಲ್ಲ ಕೇಳುವಂತೆ ಅಂದಳು:

"ನನ್ನ ಇನ್ನೂ ಯಾರೂ ಬಾವ್ಯಾಗ ಹಾಕಿಲ್ಲ. ಅದನ್ನ ಬರಿ."

ಬರೆದುಕೊಂಡೆ. ಅಂದು ಸಂಜೆಯಿಂದ ಹೆಂಗಸರೆಲ್ಲ ಮಾತಾಡಿದರು, ಹಾಳೆ ಸಾಲಲಿಲ್ಲ. ಉಳಿದದ್ದು ಅಜ್ಜಿ ಒಬ್ಬಳು, ಅವ್ವನ ತಾಯಿ. ಈಗ ಮಸ್ಕಿಯಲ್ಲಿ ನನ್ನ ಸೋದರಮಾವನ ಮನೆಯಲ್ಲಿದ್ದಾಳೆ. ಮೊದಲೆಲ್ಲ ನಾಟಿಯ ಕಾಲಕ್ಕೆ ಗಂಟು ಕಟ್ಟಿಕೊಂಡು, ಹುಡುಗಿಯಾಗಿದ್ದ ಅವ್ವನನ್ನೂ ಕರೆದುಕೊಂಡು ಗೊರೇಬಾಳದ ಕಾಲುವೆ ನೆಲಕ್ಕೆ ಬರುತ್ತಿದ್ದವಳು. ಭಾನುವಾರ ಬಸ್ಸು ಹಿಡಿದು ಹೋಗಿ ಅವ್ವನ ದಾಖಲೆಯನ್ನು ಅವಳಿಗೆ ಓದಿ ಹೇಳಿದೆ. ಅಜ್ಜಿ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದಳು.

"ಹಂಗಂದಾಳೇನು ನಿಮ್ಮವ್ವ? ಆಕಿನ್ನ ಮೊದಲ ಬಾವ್ಯಾಗ ಹಾಕಿದಾಕಿ ನಾನ. ಮಧ್ಯಾಹ್ನದ ತನಕ ಅತ್ತಿದ್ಲು."

ಮೇಡಂ ಈ ಸಲ ಸಹಿ ಮಾಡಿದರು. ಮೊದಲ ಸಾಲನ್ನು ತಿದ್ದಿದ್ದೆ: 'ನಮ್ಮ ಮನೆಯಲ್ಲಿ ಆಟಕ್ಕೆ ಇಳಿದ ಮೂರನೆಯ ಹೆಣ್ಣುಮಗಳು ನಾನು.' ಮನೆಗೆ ಬಂದು ಅವ್ವನಿಗೆ ಓದಿ ತೋರಿಸಿದೆ, ಅಜ್ಜಿ ಹೇಳಿದ್ದನ್ನೂ ಸೇರಿಸಿ. ಅವಳು ಕಪ್ ಒರೆಸುತ್ತಿದ್ದಳು. ತಾಯಿಯ ಮಾತು ಬಂದಾಗ ಮುಖ ಆಚೆ ತಿರುಗಿಸಿ ನಕ್ಕಳು. ಪೂರ್ತಿ ಕೇಳಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು.

"ಮೂರನೇದಾಕಿ ಸೋತಾಳಂತ ಬರದೀಯೋ ಇಲ್ಲೋ?"

ಬರೆದಿರಲಿಲ್ಲ. ಈಗ ಇಲ್ಲಿ ಬರೆದಿದ್ದೇನೆ.