ನಾಳೆ ವಕೀಲರು

ಸರ್ಕಾರಿ ವಕೀಲರಿಗೆ ಕೋರ್ಟಿನವರೆಲ್ಲ ಇಟ್ಟ ಹೆಸರು ‘ನಾಳೆ ವಕೀಲರು’. ಛತ್ರಿ ರಿಪೇರಿಯಿಂದ ಹಿಡಿದು ಹಲ್ಲು ಕೀಳಿಸುವವರೆಗೆ ಎಲ್ಲಕ್ಕೂ ಅವರ ಉತ್ತರ ಒಂದೇ. ಇಪ್ಪತ್ತೆರಡು ವರ್ಷಗಳಿಂದ ಅವರ ನಾಳೆಗಳನ್ನು ಇವತ್ತಿಗೆ ಎಳೆದು ತರುತ್ತಿದ್ದವಳು ಗುಮಾಸ್ತೆ. ಅವರು ಎದ್ದು ನಿಲ್ಲಬೇಕಾದಾಗ ಹಿಂದಿನ ಬೆಂಚಿನಿಂದ ಕೋಟಿನ ತುದಿ ಜಗ್ಗುವುದೂ ಅವಳ ಕೆಲಸವೇ. ಆ ಮೂಲೆಯ ಹೊಲಿಗೆ ಎರಡು ಸಲ ಬಿಟ್ಟಿತ್ತು.

ಆ ಸಲದ ಮೊಕದ್ದಮೆ ಒಬ್ಬ ದರ್ಜಿ ಹೆಂಗಸಿನದು. ಕಳವಾದ ಅವಳ ಹೊಲಿಗೆ ಮಿಷನ್ ಹಳೇ ಸಾಮಾನಿನ ವ್ಯಾಪಾರಿಯ ಅಂಗಡಿಯಲ್ಲಿ ಸಿಕ್ಕಿತ್ತು, ನಂಬರು ಉಜ್ಜಿ ಅಳಿಸಿ.

“ಎಡಗಡೆ ಒಂದು ಒದ್ರೇನೇ ಓಡೋದು ಸ್ವಾಮಿ. ಒದ್ದು ತೋರಿಸ್ಲಾ?” ಎಂದಳು ಅವಳು, ಮಿಷನ್ ತನ್ನದೇ ಎಂಬುದಕ್ಕೆ ಗುರುತಾಗಿ.

“ಇದು ಕೋರ್ಟು ತಾಯಿ,” ಎಂದರು ನ್ಯಾಯಾಧೀಶರು. ಒದೆತ ಗುರುತಲ್ಲ, ವಿಚಾರಣೆ ಇಲ್ಲಿಗೇ ಮುಗಿಯಿತು ಎಂದು ಆದೇಶವನ್ನೂ ಕೊಟ್ಟರು.

ಇಂಥ ಆದೇಶದ ಮೇಲೆ ಮೇಲ್ಮನವಿ ಹೋಗುವುದಿದ್ದರೆ ಸರ್ಕಾರದ ವಕೀಲರು ಅಲ್ಲೇ, ಆಗಲೇ ಬಾಯಿಬಿಡಬೇಕು; ಸೋತರೆ ಆರೋಪಿಯ ಖುಲಾಸೆಗೂ ಒಪ್ಪಬೇಕು. ಇಲ್ಲದಿದ್ದರೆ ವ್ಯಾಪಾರಿ ಮನೆಗೆ, ಮಿಷನ್ ಅವನ ಅಂಗಡಿಗೆ. ವಕೀಲರು ಕನ್ನಡಕ ಒರೆಸುತ್ತಿದ್ದರು. ಗುಮಾಸ್ತೆ ಜಗ್ಗಿದಳು. ಹೊಸ ಹೊಲಿಗೆ ಗಟ್ಟಿಯಾಗಿತ್ತು. ವಕೀಲರೇ ಹಿಂದಕ್ಕೆ ವಾಲಿದರು. ನ್ಯಾಯಾಧೀಶರು ಏಳಲು ಕುರ್ಚಿ ಸರಿಸಿದರು.

“ಏಳಿ ಸಾರ್! ಏನಾದ್ರೂ ಹೇಳಿ!”

ವಕೀಲರು ಎದ್ದರು. “ನಾಳೆ ಹೇಳ್ತೀನಿ ಸ್ವಾಮಿ.”

ಎದುರು ವಕೀಲ ಕಿಸಕ್ಕೆಂದ. ನ್ಯಾಯಾಧೀಶರು ನಗದೆ ಕಾನೂನಿನ ಪುಸ್ತಕ ತಿರುವಿದರು. “ಮೇಲ್ಮನವಿ ಬೇಕೋ ಬೇಡ್ವೋ ಯೋಚಿಸೋಕೆ ಒಂದು ದಿನ ಕೇಳೋ ಹಕ್ಕು ಇವರಿಗಿದೆ. ಕೊಟ್ಟಿದೀನಿ. ನಾಳೆ ಹತ್ತು ಗಂಟೆ. ತಪ್ಪಿದ್ರೆ ಮುಗೀತು.”

ಗುಮಾಸ್ತೆ ವಕೀಲರತ್ತ ತಿರುಗಿ ನೋಡಿದಳು. ಈ ಮನುಷ್ಯನ ನಾಳೆ ಎಂದಾದರೂ ಬಂದದ್ದುಂಟೆ?

ಬೆಳಿಗ್ಗೆ ಎಂಟಕ್ಕೇ ಹೋಗಿ ಅವರ ಮನೆ ಬಾಗಿಲು ಬಡಿದಳು.

“ಆಗ್ಲೇ ಹೋದ್ರಮ್ಮಾ,” ಎಂದರು ವಕೀಲರ ಹೆಂಡತಿ. “ಜ್ವರ ಗಿರ ಬಂತೇನೋ ಅಂತ ಹಣೆ ಮುಟ್ಟಿ ನೋಡ್ದೆ.”

ವಕೀಲರು ಕೋರ್ಟಿನ ಬೀಗ ಹಾಕಿದ ಬಾಗಿಲ ಮುಂದೆ ಕೂತಿದ್ದರು. “ನನ್ನ ನಾಳೇನ ಯಾರೂ ಬರೆದಿಟ್ಟಿರ್ಲಿಲ್ಲ ಕಣಮ್ಮಾ. ನ್ಯಾಯಾಧೀಶರು ದಾಖಲೆಗೇ ಹಾಕಿಬಿಟ್ರಲ್ಲ.”

ಹತ್ತಕ್ಕೆ ಸರಿಯಾಗಿ, ಯಾರೂ ಜಗ್ಗದೆಯೇ ಎದ್ದರು. “ಮೇಲ್ಮನವಿ ಹೋಗ್ತೀವಿ ಸ್ವಾಮಿ. ಸೋತ್ರೆ ಆರೋಪಿ ಖುಲಾಸೆ. ಅದಕ್ಕೂ ಒಪ್ಪಿದೀವಿ.”

ಮೇಲಿನ ಕೋರ್ಟು ಆದೇಶವನ್ನು ರದ್ದು ಮಾಡಿ, ಒದ್ದು ನೋಡಬೇಕಿತ್ತು ಎಂದಿತು. ವಿಚಾರಣೆ ಮತ್ತೆ ನಡೆಯಿತು. ವ್ಯಾಪಾರಿ ಎಷ್ಟು ತುಳಿದರೂ ಮಿಷನ್ ಮಿಸುಕಲಿಲ್ಲ. ದರ್ಜಿ ಹೆಂಗಸು ಎಡಗಡೆ ಒಂದು ಬಿಟ್ಟಳು. ಅದು ಕಟಕಟ ಓಡಿತು.

ಶಿಕ್ಷೆಯಾಗಿ, ಮಿಷನ್ ಕೈಗೆ ಬಂದ ದಿನ ಅವಳು ವಕೀಲರ ಹಿಂದೆಯೇ ಬಂದಳು. “ಕೋಟು ಬಿಚ್ಚಿ ಕೊಡಿ ಸಾರ್, ಮೂಲೆ ಮತ್ತೆ ಬಿಡ್ತಾ ಇದೆ.”

“ನಾಳೆ ಕೊಡ್ತೀನಮ್ಮಾ,” ಎಂದರು ವಕೀಲರು.

ಗುಮಾಸ್ತೆ ಹಿಂದಿನಿಂದ ಕೋಟು ಕಳಚಿಕೊಂಡಳು.