ಸುಣ್ಣದ ಗೆರೆಯ ಮಾಸ್ತರರು
ಸಿಂದಗಿಯ ಪೇಟೆರಸ್ತೆಯ ಅಂಚಿಗೆ ಸೈಕಲ್ಲಿನವರಿಗೆಂದು ಸುಣ್ಣದ ಗೆರೆ ಎಳೆದ ಪುಣ್ಯಾತ್ಮರು ಮನೆಯ ಪಾಯಕ್ಕೆ ಹಿಡಿದಂತೆ ಹಗ್ಗ ಹಿಡಿದು ನೆಟ್ಟಗೆ ಎಳೆದುಬಿಟ್ಟರು. ಬೇವಿನ ಮರವೂ ಎರಡು ಲೈಟಿನ ಕಂಬಗಳೂ ಗೆರೆಯೊಳಗೇ ಉಳಿದವು. ಆದರೂ ಊರಲ್ಲಿ ಆ ಗೆರೆಗೆ ಬೆಲೆ ಕೊಡುವವರು ಉರ್ದು ಶಾಲೆಯ ಚಾಂದಸಾಬ ಮಾಸ್ತರರೊಬ್ಬರೇ. ಮರ ಬಂದರೆ ಇಳಿಯುತ್ತಾರೆ, ಸೈಕಲ್ಲನ್ನು ಎತ್ತಿ ಬೇರು ದಾಟಿಸುತ್ತಾರೆ, ಪಾಯಿಜಾಮ ಸರಿಮಾಡಿಕೊಂಡು ಮತ್ತೆ ಹತ್ತುತ್ತಾರೆ. ಕಂಬಗಳಿಗೂ ಅದೇ ಮರ್ಯಾದೆ. ಯಲ್ಲವ್ವನ ಬದನೆಕಾಯಿ ಬುಟ್ಟಿ ಅಡ್ಡ ಬಂದರಂತೂ, ಅವಳು ಸರಿಯುವವರೆಗೆ ಒಂದು ಕಾಲು ನೆಲಕ್ಕೂರಿ ಬೆಲ್ಲು ಹೊಡೆಯುತ್ತಲೇ ಇರುತ್ತಾರೆ. “ಮಂದಿಯೆಲ್ಲಾ ಗೆರಿ ಬಿಟ್ಟು ಹೊಂಟಾರ, ನಿಮಗೇನ ಧಾಡಿ ಆಗೈತ್ರಿ ಮಾಸ್ತರ್ರ?” ಎಂದು ಅವಳು ದಿನಾ ಬೈಯುತ್ತಾಳೆ. “ನಾನೂ ಬಿಟ್ರ ಇಲ್ಲಿ ಬಂಡಿ ನಿಲ್ಲಸ್ತಾರವ್ವಾ,” ಎಂಬುದು ಅವರ ದಿನದ ಉತ್ತರ. “ನಿಲ್ಲಸ್ಲೇಳ್ರಿ, ನಿಮಗೇನ ಲುಕ್ಸಾನ?” ಎಂದು ಒಮ್ಮೆ ಅವಳು ಕೆಣಕಿದಳು. ಮಾಸ್ತರರು ದನಿ ತಗ್ಗಿಸಿದರು: “ನಮ್ಮ ಮಗಳು ಜನ್ನತಬಿ ಹಿತ್ತಲದಾಗ ಸೈಕಲ್ ಕಲಿಯಾಕತ್ತಾಳ. ಆಕಿ ರಸ್ತಾಕ್ಕ ಬರೂತನಕ ಜಾಗಾ ಹಿಡದಿಟ್ಟೇನಿ.” ಮರುದಿನ ಯಲ್ಲವ್ವನ ಬುಟ್ಟಿ ಪಕ್ಕದ ಅಂಗಡಿಯ ಕಟ್ಟೆ ಏರಿ ಕುಳಿತಿತ್ತು, ಮಾಸ್ತರರು ಮಾತ್ರ ಖಾಲಿ ಜಾಗಕ್ಕೂ ಬೆಲ್ಲು ಹೊಡೆದೇ ಹೋದರು.