ಹೋಗೆಂದು ಕೈ ಮಾಡಿದವನು

ಲಾರಿಯ ಕ್ಯಾಬಿನ್ನಿನಲ್ಲಿ ವರ್ಷಗಟ್ಟಲೆ ಒಬ್ಬನೇ ಕೂತವನ ಬಾಯಿಗೆ ಏನಾದರೂ ಕೆಲಸ ಬೇಕಾಗುತ್ತದೆ. ಹತ್ತಿರದ ಟ್ರಿಪ್ಪುಗಳಿಗೆ ಕ್ಲೀನರ್ ಯಾಕೆ ಎಂದು ನಮ್ಮ ಮಾಲೀಕರು ಯಾರನ್ನೂ ಇಟ್ಟುಕೊಳ್ಳಲಿಲ್ಲ. ಹೀಗಾಗಿ ನಾನು ರಸ್ತೆಯಲ್ಲಿ ಕಂಡವರನ್ನೆಲ್ಲ ಬೈಯುತ್ತ ಹೋಗುವುದನ್ನು ರೂಢಿ ಮಾಡಿಕೊಂಡೆ. ಜಮಖಂಡಿಯಿಂದ ಮುಧೋಳ, ಮುಧೋಳದಿಂದ ಬೀಳಗಿ, ತಿರುಗಿ ಬನಹಟ್ಟಿಯ ಮನೆಗೆ. ಇಷ್ಟು ದಾರಿಯಲ್ಲಿ ಬೈಸಿಕೊಳ್ಳಲು ಯೋಗ್ಯರಾದವರಿಗೆ ಯಾವ ಕಾಲಕ್ಕೂ ಕೊರತೆ ಬೀಳಲಿಲ್ಲ.

ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರಿನವರು ಎರಡೆರಡು ಟ್ರೇಲರ್ ಕಟ್ಟಿಕೊಂಡು ನಡುರಸ್ತೆ ಹಿಡಿಯುತ್ತಿದ್ದರು. ಹಿಂದೆ ಒಂದು ಕೆಂಪು ಚಿಂದಿಯನ್ನೂ ಕಟ್ಟಿರುತ್ತಿರಲಿಲ್ಲ. ಮೇಲೆ ಟೇಪಿನ ಹಾಡು ಬೇರೆ. ಹಾರ್ನ್ ಒತ್ತಿ ಒತ್ತಿ ನನ್ನ ಅಂಗೈ ಬಾತರೂ ಅವನಿಗೆ ಕೇಳುವುದು ಹಾಡೇ. "ಲೇ ದೊರಿ ಮಗನ, ಒಂದ ಸಲ ಹಿಂದ ಹೊಳ್ಳಿ ನೋಡಲೇ" ಎಂದು ಮುಂದಿನ ಗಾಜಿಗೆ ಹೇಳುತ್ತಿದ್ದೆ. ಮೂರು ಗಾಲಿಯ ಟಂಟಂನವರಂತೂ ಸೀಟಿನ ಮೇಲೆ ಅರ್ಧ ಕುಂಡಿ ಇಟ್ಟು, ಎಡಬಲಕ್ಕೆ ಇಬ್ಬಿಬ್ಬರನ್ನು ಕೂರಿಸಿಕೊಂಡು, ಯಾರೋ ದೂರದಿಂದ ಕೈ ಎತ್ತಿದರೆ ನಿಂತಲ್ಲೇ ನಿಲ್ಲಿಸಿಬಿಡುವ ಜನ. ಕಾರಿನವರು ಬರ್ರನೆ ಮುಂದೆ ಹೋಗಿ ನನ್ನ ಮೂಗಿನ ಕೆಳಗೇ ಬ್ರೇಕ್ ಹಾಕುತ್ತಿದ್ದರು. ಹನ್ನೆರಡು ಟನ್ ಹೇರಿದ ಗಾಡಿ ಸೈಕಲ್ಲಿನ ಹಾಗೆ ನಿಲ್ಲುತ್ತದೆ ಎಂದು ಅವರಿಗೆ ಯಾರು ಹೇಳಿಕೊಟ್ಟರೋ. ಆಮೇಲೆ ಮೊಬೈಲ್ ಬಂತು. ಕಿವಿಗೂ ಹೆಗಲಿಗೂ ನಡುವೆ ಫೋನ್ ಸಿಕ್ಕಿಸಿ, ಕತ್ತು ಸೊಟ್ಟ ಮಾಡಿಕೊಂಡು ಬೈಕ್ ಓಡಿಸುವ ಹೊಸ ತಳಿಯೊಂದು ಹುಟ್ಟಿಕೊಂಡಿತು. ಅವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಇಷ್ಟೆಲ್ಲ ಬೈದ ನಾನು, ಆ ರಸ್ತೆಯಲ್ಲಿ ಸರಿಯಾಗಿ ಗಾಡಿ ಓಡಿಸಿದ ಒಬ್ಬ ಮನುಷ್ಯನ ಮೇಲೆ ಸುಳ್ಳು ಹೇಳಿ ಸಹಿ ಮಾಡಿದ್ದೇನೆ. ನಾನು ಹೇಳಬೇಕಾಗಿರುವುದು ಅದನ್ನೇ.

ಲಾರಿಯವರಲ್ಲಿ ಒಂದು ಪದ್ಧತಿ ಇದೆ. ನಮ್ಮ ಸೀಟು ಎತ್ತರ, ಗಾಡಿ ನಿಧಾನ. ಹಿಂದೆ ಬಂದವನಿಗೆ ನಮ್ಮ ಲೋಡು ಬಿಟ್ಟು ಬೇರೇನೂ ಕಾಣುವುದಿಲ್ಲ. ಮುಂದೆ ರಸ್ತೆ ಖಾಲಿ ಇದ್ದರೆ ನಾವು ಬಲಗೈಯನ್ನು ಕಿಟಕಿಯಿಂದ ಹೊರಗೆ ಚಾಚಿ, ಬೆರಳು ಮುಂದಕ್ಕೆ ಆಡಿಸಿ 'ಹೋಗು' ಎನ್ನುತ್ತೇವೆ. ಅವನು ನಂಬಿ ಹೋಗುತ್ತಾನೆ. ಮರ್ಯಾದಸ್ಥನಾದರೆ ಹೋಗುವಾಗ ತಾನೂ ಒಮ್ಮೆ ಕೈ ಎತ್ತುತ್ತಾನೆ. ಯಾವ ಪರೀಕ್ಷೆಯಲ್ಲೂ ಇದನ್ನು ಕೇಳುವುದಿಲ್ಲ, ಯಾವ ಪುಸ್ತಕದಲ್ಲೂ ಬರೆದಿಲ್ಲ. ದಿನಕ್ಕೆ ಇಪ್ಪತ್ತು ಮೂವತ್ತು ಸಲ ನಾನು ಹಾಗೆ ಕೈ ಮಾಡುತ್ತಿದ್ದೆ. ದಿನವಿಡೀ ಇನ್ನೊಬ್ಬ ಮನುಷ್ಯನ ಜೊತೆ ನನಗಿದ್ದ ಒಳ್ಳೆಯ ವ್ಯವಹಾರ ಅದೊಂದೇ.

ಆಲಮಟ್ಟಿಯ ಹಿನ್ನೀರು ಏರಿ, ಬೀಳಗಿ ಕಡೆಯ ಊರುಗಳು ಮೇಲಕ್ಕೆ ಬಂದು ಹೊಸ ಮನೆಗಳನ್ನು ಕಟ್ಟಿಕೊಳ್ಳುತ್ತಿದ್ದ ದಿನಗಳವು. ನನಗೆ ಇಟ್ಟಂಗಿ ಸಾಗಿಸುವುದೇ ಕೆಲಸ. ಒಂದು ಮಧ್ಯಾಹ್ನ ಇಟ್ಟಂಗಿ ಹೇರಿಕೊಂಡು ಮುಧೋಳ ದಾಟಿ ಬೀಳಗಿ ಕಡೆ ಹೊರಟಿದ್ದೆ. ಹಿಂದೆ ಒಂದು ಮೋಟರ್ ಸೈಕಲ್ ಬಂದು ಸೇರಿಕೊಂಡಿತು. ಕನ್ನಡಿಯಲ್ಲಿ ಕಂಡದ್ದು ಬಿಳಿ ಅಂಗಿ, ತಲೆಗೆ ಸುತ್ತಿದ ಟವೆಲ್ಲು, ಹ್ಯಾಂಡಲ್ಲಿಗೆ ತೂಗುಹಾಕಿದ ಬಾಳೆಹಣ್ಣಿನ ಚೀಲ. ಎರಡು ಮೂರು ಮೈಲಿ ಅವನು ನನ್ನ ಹಿಂದೆಯೇ ಬಂದ. ಒಂದು ಜೀಪು, ಒಂದು ಕಾರು ಅವನನ್ನೂ ನನ್ನನ್ನೂ ದಾಟಿ ತಿರುವಿನಲ್ಲೇ ನುಗ್ಗಿ ಹೋದವು. ಅವನು ಮಾತ್ರ ಒಂದು ಸಲವೂ ಹಾರ್ನ್ ಹೊಡೆಯಲಿಲ್ಲ. ಆ ಕಾರಿನವನನ್ನು ಬೈದು ಮುಗಿಸಿ, ಕನ್ನಡಿ ನೋಡಿ, "ಇಂವಾ ಒಬ್ಬ ಶಾಣ್ಯಾ ಅದಾನ" ಎಂದು ನಾನು ಬಾಯಿಬಿಟ್ಟೇ ಹೇಳಿದ್ದು ನೆನಪಿದೆ. ರಸ್ತೆಯಲ್ಲಿ ನಾನು ಯಾರನ್ನಾದರೂ ಹೊಗಳಿದ್ದು ಅಪರೂಪ.

ನೇರ ರಸ್ತೆ ಬಂತು. ಕಣ್ಣು ಹಾಯುವಷ್ಟು ದೂರ ಒಂದು ನಾಯಿಯೂ ಇರಲಿಲ್ಲ. ನಾನು ಕೈ ಚಾಚಿ ಹೋಗು ಎಂದೆ. ಅವನು ನನ್ನ ಕಿಟಕಿಯ ಸಮಕ್ಕೆ ಬಂದಾಗ ಮುಖ ಎತ್ತಿ ನಕ್ಕು, ಎಡಗೈ ಮೇಲೆತ್ತಿದ. ಅದೇ ಗಳಿಗೆಗೆ ಬಲಗಡೆಯ ಕಬ್ಬಿನ ಹೊಲದ ಬಂಡಿಜಾಡಿನಿಂದ ಮೇವು ತುಂಬಿದ ಟಂಟಂ ಒಂದು ರಸ್ತೆಗೆ ನುಗ್ಗಿತು. ನನ್ನ ಸೀಟು ಎತ್ತರವೆಂದು ನಾನು ನಂಬಿದ್ದೆ. ಕಬ್ಬು ಅದಕ್ಕಿಂತ ಎತ್ತರ ಬೆಳೆದಿತ್ತು.

ನಾನು ಗಾಡಿ ನಿಲ್ಲಿಸಿ ಇಳಿದು ಓಡುವಷ್ಟರಲ್ಲಿ ಅವನು ಮುಗಿದಿದ್ದ. ಟಂಟಂನವನು ಕಬ್ಬಿನೊಳಗೆ ನುಗ್ಗಿ ಓಡಿಹೋದ. ಹೊಲದಲ್ಲಿದ್ದವರು ಬಂದು ಸುತ್ತ ನಿಂತರು. "ಲಾರಿ ಓವರ್‌ಟೇಕ್ ಮಾಡಾಕ ಹೋಗ್ಯಾನ ನೋಡ್ರಿ. ಅದೇನ ಅವಸರ ಇತ್ತೋ ಏನೋ" ಎಂದ ಒಬ್ಬ. ಇನ್ನೊಬ್ಬ ನನ್ನ ಕಡೆ ತಿರುಗಿ, "ನೀವ ನೋಡಿದ್ರೇನ್ರಿ ಡ್ರೈವರ್?" ಎಂದು ಕೇಳಿದ. ನನ್ನ ಬಾಯಿಂದ ಬಂದದ್ದು, "ಒಮ್ಮಿಂದೊಮ್ಮೆಲೆ ಬಂದ್ರಿ. ನನಗ ಗೊತ್ತ ಆಗಲಿಲ್ಲ."

ಠಾಣೆಯಲ್ಲಿ ಕೇಳಿದಾಗಲೂ ಅದನ್ನೇ ಹೇಳಿದೆ. ಅವರು ಅದನ್ನು ತಮ್ಮ ಭಾಷೆಯಲ್ಲಿ ಬರೆದುಕೊಂಡರು: ಸವಾರನು ಅತಿ ವೇಗ ಹಾಗೂ ನಿಷ್ಕಾಳಜಿತನದಿಂದ ಮುಂದಿನ ಲಾರಿಯನ್ನು ಹಿಂದೆ ಹಾಕಲು ಹೋಗಿ. ಓದಿ ಹೇಳಿದರು, ನಾನು ಸಹಿ ಹಾಕಿದೆ. ಲೈಸೆನ್ಸ್ ಹೋದೀತೆಂದು ಹೆದರಿದ್ದೆ. ಮನೆಯಲ್ಲಿ ಎರಡು ಮಕ್ಕಳಿದ್ದವು. ಕೈ ಮಾಡಿದ್ದನ್ನು ನೋಡಿದವನು ಒಬ್ಬನೇ, ಅವನು ಹೋಗಿಬಿಟ್ಟಿದ್ದ. ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ.

ಹೆಂಡತಿಗಾದರೂ ಹೇಳಬಹುದಿತ್ತು. ಬನಹಟ್ಟಿಯ ನಮ್ಮ ಓಣಿಯಲ್ಲಿ ಮನೆಗೆರಡು ಮಗ್ಗ, ಎಲ್ಲವೂ ಕರೆಂಟಿನವು. ನಮ್ಮ ಮನೆಯ ಮುಂದಿನ ಪಡಸಾಲೆಯಲ್ಲೇ ಅವಳು ಮಗ್ಗ ನಡೆಸುತ್ತಿದ್ದಳು. ಖಟಪಟ ಸದ್ದಿನಲ್ಲಿ ನೀರು ಕೊಡು ಎನ್ನುವುದನ್ನೂ ಕೂಗಿಯೇ ಹೇಳಬೇಕು. ಇಂಥ ಮಾತನ್ನು ಕೂಗಿ ಹೇಳುವುದು ಹೇಗೆ? ಕರೆಂಟ್ ಹೋಗಿ ಓಣಿ ಗಪ್ಪಾದಾಗ ಒಂದೆರಡು ಸಲ ಬಾಯಿ ತೆರೆದೆ. "ಏನ್ರಿ?" ಎಂದಳು. "ಏನಿಲ್ಲ, ಉಪ್ಪ ಕಡಿಮಿ ಆಗೇತಿ" ಎಂದೆ. ಅಷ್ಟರಲ್ಲಿ ಕರೆಂಟ್ ಬಂತು.

ಅಂದಿನಿಂದ ನಾನು ಯಾರಿಗೂ ಕೈ ಮಾಡಲಿಲ್ಲ. ನನ್ನ ಹಿಂದೆ ಗಾಡಿಗಳು ಸಾಲುಗಟ್ಟಿ ಒರಲುತ್ತಿದ್ದವು. ಎದುರಿನ ರಸ್ತೆ ಅಂಗೈಯಂತೆ ಖಾಲಿ ಇದ್ದರೂ ನನ್ನ ಕೈ ಸ್ಟೇರಿಂಗ್ ಬಿಟ್ಟು ಏಳುತ್ತಿರಲಿಲ್ಲ. ಒಮ್ಮೆ ಜಮಖಂಡಿಯ ಹತ್ತಿರ ಒಬ್ಬ ಜೀಪನ್ನು ನನ್ನ ಪಕ್ಕಕ್ಕೇ ತಂದು, "ಕೈ ಮುರದಾವೇನಲೇ ನಿನ್ನವು? ಮುಂದ ಖಾಲಿ ಇದ್ರ ಒಂದ ಕೈ ಮಾಡಾಕ ಏನ ಧಾಡಿ?" ಎಂದು ಬೈದ. ಅವನು ಬೈದದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾನು ಬೈಯುವುದನ್ನೂ ಆಗಲೇ ಬಿಟ್ಟುಬಿಟ್ಟಿದ್ದೆ. ಯಾರನ್ನಾದರೂ ಬೈಯಲು ಬಾಯಿ ತೆರೆದರೆ ಠಾಣೆಯಲ್ಲಿ ಓದಿ ಹೇಳಿದ ಆ ಸಾಲು ಕಿವಿಗೆ ಬರುತ್ತಿತ್ತು. ಕ್ಯಾಬಿನ್ನಿನಲ್ಲಿ ಮಾತೇ ಇಲ್ಲದಂತಾಯಿತು. ಬೀಳಗಿ ತಲುಪುವ ಹೊತ್ತಿಗೆ ನನ್ನ ದನಿ ನನಗೇ ಗುರುತು ಸಿಗುತ್ತಿರಲಿಲ್ಲ.

ಎಂಟು ವರ್ಷ ಹೀಗೇ ಹೋಯಿತು. ಆಮೇಲೊಂದು ದಿನ ಬೀಳಗಿ ತಾಲೂಕಿನ ಹೊಸ ಊರೊಂದಕ್ಕೆ ಇಟ್ಟಂಗಿ ಇಳಿಸಿ, ಅಲ್ಲಿಯ ಚಹಾದಂಗಡಿಯಲ್ಲಿ ಕೂತಿದ್ದೆ. ಸತ್ತವನ ಊರು ಅದೇ ಎಂದು ನನಗೆ ಠಾಣೆಯ ಕಾಗದಕ್ಕೆ ಸಹಿ ಹಾಕಿದ ದಿನದಿಂದ ಗೊತ್ತಿತ್ತು. ಅಲ್ಲಿಯವರೆಗೆ ನಾನು ಅಲ್ಲಿ ಚಹಾಕ್ಕೆಂದೂ ಇಳಿದವನಲ್ಲ. ಒಂದು ಬೈಕಿನ ಮೇಲೆ ಮೂವರು ಹುಡುಗರು ಧೂಳೆಬ್ಬಿಸುತ್ತ ಹೋದರು. ಅಂಗಡಿಯವನು ಕಪ್ಪು ಬಸಿ ತೊಳೆಯುತ್ತ ಶುರು ಮಾಡಿದ.

"ಹಿಂಗ ಅವಸರ ಮಾಡೇ ನಮ್ಮೂರಾಗ ಒಬ್ಬಾಂವ ಹೋದ್ರಿ. ಅವತ್ತ ಅವನ ತಂಗೀನ ನೋಡಾಕ ಗಂಡಿನ ಕಡಿಯವರು ಬರವರಿದ್ರು. ಇಂವಾ ಮುಧೋಳಕ್ಕ ಹಣ್ಣ ತರಾಕ ಹೋಗಿದ್ದ. 'ಬೀಗರು ಬರೂದ್ರಾಗ ಲಗೂ ಬರ್ರಿ' ಅಂತ ಹೇಂತಿ ಹೇಳಿ ಕಳಿಸಿದ್ಲಂತ. ಲಾರಿ ಓವರ್‌ಟೇಕ್ ಮಾಡಾಕ ಹೋಗಿ ಸತ್ತ. ಪೊಲೀಸರೂ ಹಂಗ ಬರದ್ರು. ಅವತ್ತಿಂದ ಅತ್ತಿ ಸೊಸಿ ಕೂಡ ಮಾತ ಬಿಟ್ಟಾಳ. ನೀನ ಅವಸರ ಮಾಡಿ ನನ್ನ ಮಗನ್ನ ಕೊಂದಿ ಅಂತಾಳ ಮುದುಕಿ. ಒಂದ ಮನ್ಯಾಗ ಎರಡ ಒಲಿ ನೋಡ್ರಿ."

ಚಹಾವನ್ನು ಅರ್ಧಕ್ಕೇ ಬಿಟ್ಟು ಕೆಳಗಿಟ್ಟೆ. ಅಲ್ಲಿಯವರೆಗೆ ನನ್ನ ಸುಳ್ಳು ನನ್ನೊಬ್ಬನನ್ನೇ ತಿನ್ನುತ್ತಿದೆ ಎಂದುಕೊಂಡಿದ್ದೆ. ಅದು ಒಂದು ಮನೆಯಲ್ಲಿ ಹೋಗಿ ಕೂತು ಇಬ್ಬರು ಹೆಂಗಸರ ನಡುವೆ ಗೋಡೆ ಕಟ್ಟಿತ್ತು. ಇಡೀ ಲೋಕದಲ್ಲಿ ಅದನ್ನು ಕೆಡವಬಲ್ಲವನು ನಾನೊಬ್ಬನೇ. ಆದರೂ ಎದ್ದು ಗಾಡಿ ಹತ್ತಿ ಬಂದುಬಿಟ್ಟೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಆಮೇಲೂ ಎರಡು ವರ್ಷ ಹೋಗಲಿಲ್ಲ. ಆ ಸೊಸೆಯ ತವರಿನವರು ಬಡಿದಾರು, ಕೇಸು ಮತ್ತೆ ತೆಗೆದಾರು ಎಂದು ನೂರೆಂಟು ನೆವ ಹೇಳಿಕೊಂಡೆ. ಆ ಊರಿನ ತಿರುವು ಬಂದಾಗ ಗೇರು ಇಳಿಸುತ್ತಿದ್ದೆ, ತಿರುವು ದಾಟಿದ ಮೇಲೆ ಏರಿಸುತ್ತಿದ್ದೆ.

ಕಣ್ಣಿಗೆ ಪೊರೆ ಬಂದು ಲಾರಿ ಬಿಟ್ಟೆ. ಆಪರೇಷನ್ ಆಗಿ ಗುಣವಾದ ಮೇಲೆ, ಸಂಬಂಧಿಕರೊಬ್ಬರನ್ನು ಕಾಣಲು ಭಾವಮೈದುನನ ಬೈಕ್ ತೆಗೆದುಕೊಂಡು ಬೀಳಗಿಗೆ ಹೊರಟಿದ್ದೆ. ಮುಂದೆ ಒಂದು ಸಿಮೆಂಟಿನ ಲಾರಿ. ಅದರ ಹಿಂದೆ ನನಗೆ ಏನೂ ಕಾಣುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ಒಂದು ಕೈ ಹೊರಬಂತು. ಮುಖ ಕಾಣದ ಯಾರದೋ ಕೈ, ಹೋಗು ಎಂದಿತು. ನಾನು ಹಿಂದೆ ಮುಂದೆ ಯೋಚಿಸದೆ ಹೋದೆ. ಹೋಗುವಾಗ ನನ್ನ ಎಡಗೈ ತಾನಾಗಿಯೇ ಮೇಲೆದ್ದಿತು. ಲಾರಿ ದಾಟಿ ಒಂದು ಫರ್ಲಾಂಗು ಹೋದ ಮೇಲೆ ಬೈಕ್ ನಿಲ್ಲಿಸಿ ಇಳಿದೆ. ಆ ಬಿಳಿ ಅಂಗಿಯವನು ನನ್ನನ್ನು ಎಷ್ಟು ನಂಬಿದ್ದ ಎಂಬುದು ಹತ್ತು ವರ್ಷವಾದ ಮೇಲೆ ಆಗ ತಿಳಿಯಿತು. ಸಂಬಂಧಿಕರ ಮನೆಗೆ ಹೋಗದೆ ಸೀದಾ ಆ ಊರಿಗೆ ಹೋದೆ.

ಚಹಾದಂಗಡಿಯಲ್ಲಿ ಕೇಳಿಕೊಂಡು ಹೋದ ಅವನ ಮನೆಗೆ ಎರಡು ಬಾಗಿಲುಗಳಿದ್ದವು. ಒಂದು ಬಾಗಿಲಲ್ಲಿ ಮುದುಕಿ ಬೆನ್ನು ತಿರುಗಿಸಿ ಕೂತು ಜೋಳ ಹಸನು ಮಾಡುತ್ತಿದ್ದಳು. ಇನ್ನೊಂದರಲ್ಲಿ ಸೊಸೆ ಹೊಲಿಗೆ ಯಂತ್ರದ ಮುಂದೆ ಇದ್ದಳು.

"ಯಾರ್ರಿ ಅಣ್ಣಾರ? ಹೊಲಿಯಾಕ ಕೊಟ್ಟ ಅರಬಿ ಒಯ್ಯಾಕ ಬಂದೀರೇನು?" ಎಂದಳು ಸೊಸೆ.

"ಅಲ್ಲರೀ ಅಕ್ಕಾರ. ನಾ ಲಾರಿ ಡ್ರೈವರ್ ಇದ್ದೆ. ನಿಮ್ಮ ಯಜಮಾನ್ರು ಹೋದ ದಿನ ಅವರ ಮುಂದ ಇದ್ದದ್ದು ನನ್ನ ಗಾಡಿ."

ಯಂತ್ರದ ಗಾಲಿಯ ಮೇಲೆ ಅವಳ ಕೈ ನಿಂತಿತು. ನಾನು ನಿಂತೇ ಹೇಳಿದೆ. "ಅವರಿಗೆ ಹೋಗ್ರಿ ಅಂತ ಕೈ ಮಾಡಿದಾಂವ ನಾನ. ರಸ್ತೆ ಖಾಲಿ ಐತಿ ಅಂತ ತಿಳಿದಿದ್ದೆ, ಕಬ್ಬಿನ್ಯಾಗಿಂದ ಗಾಡಿ ಬರೂದು ಕಾಣಲಿಲ್ಲ. ಠಾಣೇದಾಗ ಆ ಮಾತ ಮುಚ್ಚಿಟ್ಟೆ. ತಪ್ಪ ನಂದು, ಅವರದಲ್ಲ."

ಬೈಗುಳಕ್ಕೆ ಸಿದ್ಧನಾಗಿ ತಲೆ ತಗ್ಗಿಸಿ ನಿಂತೆ. ಹೊಡೆದಿದ್ದರೂ ಒಳ್ಳೆಯದೇ ಆಗುತ್ತಿತ್ತು. ಅವಳು ಕೇಳಿದ್ದು ಬೇರೆ.

"ಅವರು ಅವಸರ ಮಾಡಾಕತ್ತಿದ್ರೇನು?"

"ಇಲ್ಲರೀ."

"ಹಾರ್ನ್ ಹೊಡದ್ರೇನು?"

"ಒಮ್ಮೆನೂ ಹೊಡೀಲಿಲ್ಲ. ಎರಡ ಮೂರ ಮೈಲಿ ನನ್ನ ಹಿಂದ ಸುಮ್ಮನ ಬಂದ್ರು. ಬ್ಯಾರೆಯವರು ನುಗ್ಗಿ ಹೋದ್ರು, ಅವರು ಹೋಗಲಿಲ್ಲ. ನಾ ಕೈ ಮಾಡಿದ ಮ್ಯಾಲ ಹೋದ್ರು. ಹೋಗುವಾಗ ನಕ್ಕು ಕೈ ಎತ್ತಿದ್ರು. ಅವಸರದ ಮನಷ್ಯಾ ಅಲ್ಲರೀ ಅವರು."

ಅವಳು ಹೊಲಿಯುತ್ತಿದ್ದ ಬಟ್ಟೆಯನ್ನು ಮಡಿಲಿಗೆ ಎಳೆದುಕೊಂಡು ಅದನ್ನೇ ನೋಡುತ್ತ ಕೂತಳು. "ದಿನಾ ಬೈತಿದ್ದೆ ಅವರನ್ನ" ಎಂದಳು. "ನಾ ಲಗೂ ಬರ್ರಿ ಅಂದ್ರ ಇಷ್ಟ ಲಗೂ ಬರೂದೇನು ಅಂತ."

ಪಕ್ಕದ ಬಾಗಿಲಲ್ಲಿ ಮೊರದ ಸದ್ದು ಯಾವಾಗಲೋ ನಿಂತಿತ್ತು. ಮುದುಕಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ನೆಲಕ್ಕೆ ಕೈಯೂರಿ ಎದ್ದು, ಗೋಡೆ ಹಿಡಿದುಕೊಂಡು ಈ ಬಾಗಿಲಿನವರೆಗೆ ಬಂದಳು. ನನ್ನನ್ನು ನೋಡಲಿಲ್ಲ. ಸೊಸೆಯ ಕಡೆ ನೋಡಿ, "ಬಂದವರಿಗೆ ನೀರ ಕೊಟ್ಟಿಯೇನವಾ?" ಎಂದಳು.

ಹತ್ತು ವರ್ಷದ ಮೇಲೆ ಅತ್ತೆ ತನಗೇ ಆಡಿದ ಮಾತು ಅದು ಎಂದು ಗೊತ್ತಾಗಲು ಸೊಸೆಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಎದ್ದು ಒಳಗೆ ಹೋಗಿ ತಂಬಿಗೆ ತಂದಳು. ಅರ್ಧ ನೀರು ಹೊಸ್ತಿಲ ಮೇಲೆ ಚೆಲ್ಲಿತು. ಮುದುಕಿ ಅಲ್ಲೇ ಕೂತಳು. ಸೊಸೆಯೂ ಅವಳ ಪಕ್ಕದಲ್ಲಿ ಕೂತಳು. ನಕ್ಕು ಕೈ ಎತ್ತಿದ್ದನಂತೆ, ಎಂದಳು ಮುದುಕಿ, ಸೊಸೆಗೆ. ಹೌದು, ಎಂದಳು ಸೊಸೆ.

ನಾನು ನೀರು ಕುಡಿದು ತಂಬಿಗೆಯನ್ನು ಕಟ್ಟೆಯ ಮೇಲಿಟ್ಟೆ. ಬರುತ್ತೇನೆ ಎಂದೆ. ಇಬ್ಬರಿಗೂ ಅದು ಕೇಳಿಸಲಿಲ್ಲ.